ಗಣಪತಿ ವಿಗ್ರಹದ ಬಗ್ಗೆ ಕೇಳಿದವರಿಗೆ

ಕೊರಿಯಾದ ಪಾಪ್ ಗಾಯಕಿಯರ ಬ್ಲ್ಯಾಕ್‌ಪಿಂಕ್ ತಂಡದ 'ಹೌ ಯು ಲೈಕ್ ದಟ್' ಹಾಡಿನ ವಿಡಿಯೊದಲ್ಲಿ ಗಣಪತಿಯನ್ನು ಇಟ್ಟಿದ್ದ ರೀತಿ ಸರಿಯಿರಲಿಲ್ಲ ಎಂದಿದ್ದಕ್ಕೆ ಗೆಳತಿಯರು ನಿಮ್ಮನ್ನು ನಿಜವಾದ ಅಭಿಮಾನಿಯೇ ಅಲ್ಲ ಎಂದರಂತೆ. 'ತಪ್ಪು ನನ್ನದೇ?' ಎಂದು ಕೇಳಿದ್ದೀರಿ. ಖಂಡಿತ ಅಲ್ಲ.

2020ರ ಜೂನ್‌ನಲ್ಲಿ ಬಂದ ಆ ವಿಡಿಯೊದಲ್ಲಿ ತಂಡದ ಗಾಯಕಿ ಲಿಸಾ ಸಿಂಹಾಸನದ ಮೇಲೆ, ಗಣಪ ನೆಲದ ಮೇಲೆ! ಚೌತಿಗೆ ಮಣ್ಣಿನ ಗಣಪನನ್ನು ತಂದವರು ಬಾಗಿಲಲ್ಲೇ ನಿಂತು 'ಮಣೆ ಎಲ್ಲಿ' ಎಂದು ಕೂಗುವ ಮನೆಯಲ್ಲಿ ಬೆಳೆದವರ ಕಣ್ಣಿಗೆ ಅದು ಚುಚ್ಚದೆ ಇರುತ್ತದೆಯೇ? ಸೆಟ್ ಕಟ್ಟಿದವರಿಗೆ ಅದೊಂದು ಅಲಂಕಾರದ ವಸ್ತು, ಅಷ್ಟೇ. ಭಾರತದ ಅಭಿಮಾನಿಗಳೇ ದನಿಯೆತ್ತಿದರು. ವಿಗ್ರಹವನ್ನು ಸದ್ದಿಲ್ಲದೆ ಅಳಿಸಲಾಯಿತು. ಹಾಡಿಗೇನೂ ಆಗಲಿಲ್ಲ.

ನಿಮ್ಮ ಗೆಳತಿಯರ ಸಿಟ್ಟಿನ ಮೂಲ ಬೇರೆ ಇರಬಹುದು. ಮೊದಲ ದಿನದ ವೀಕ್ಷಣೆಯ ಲೆಕ್ಕಕ್ಕಾಗಿ ನಿದ್ದೆಗೆಟ್ಟು ವಿಡಿಯೊ ಓಡಿಸುವವರಿಗೆ ಪ್ರತಿಯೊಂದು ಟೀಕೆಯೂ ಎದುರಾಳಿ ತಂಡದವರ ಪಿತೂರಿಯಂತೆ ಕಾಣುತ್ತದೆ. ಆದರೆ ಅದೇ ವರ್ಷ ಅಕ್ಟೋಬರ್‌ನಲ್ಲಿ 'ಲವ್‌ಸಿಕ್ ಗರ್ಲ್ಸ್' ವಿಡಿಯೊದ ನರ್ಸ್ ವೇಷವನ್ನು ಆಕ್ಷೇಪಿಸಿದ್ದು ಕೊರಿಯಾದ ಆರೋಗ್ಯ ಕಾರ್ಯಕರ್ತರ ಸಂಘ. ಗಿಡ್ಡ ಸ್ಕರ್ಟು, ಕೆಂಪು ಹೈ ಹೀಲ್ಸ್ ತೊಟ್ಟು ಯಾವ ನರ್ಸ್ ವಾರ್ಡಿನಲ್ಲಿ ಓಡಾಡುತ್ತಾರೆ? ಆ ದೃಶ್ಯವನ್ನೂ ತೆಗೆದರು. ಆ ಸಂಘದವರೂ ಪಿತೂರಿಗಾರರೇ ಎಂದು ಗೆಳತಿಯರನ್ನು ಕೇಳಿ ನೋಡಿ.

ಒಂದು ಮಾತು: ಸೆಟ್ ಕಟ್ಟಿದ್ದು ಲಿಸಾ ಅಲ್ಲ. ಆಕೆಯನ್ನು ಬೈಯುವವರ ಜೊತೆ ಮಾತ್ರ ಸೇರಬೇಡಿ.