ಸ್ಪ್ರಿಂಕ್ಲರ್ ಪೈಪಿಗೆ ಪ್ಲಂಬರ್ ಲೈಸೆನ್ಸ್ ಸಾಲದು

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಹೊಸ ಮನೆ ಕಟ್ಟಿಸುತ್ತಿರುವ ಓದುಗರೊಬ್ಬರು ಬರೆದಿದ್ದಾರೆ: “ನಮ್ಮ ಪ್ಲಂಬರ್ ಬಳಿ ಸಿ-36 ಲೈಸೆನ್ಸ್ ಇದೆ. ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಪೈಪನ್ನೂ ತಾನೇ ಹಾಕುತ್ತೇನೆ, ಅದೂ ನೀರಿನ ಪೈಪೇ ಅಲ್ಲವೇ ಅನ್ನುತ್ತಾರೆ. ಒಪ್ಪಬಹುದೇ?”

ದಯವಿಟ್ಟು ಒಪ್ಪಬೇಡಿ. ಅಲ್ಲಿ ಈ ಕೆಲಸಕ್ಕೆ ಸಿ-16 ಎಂಬ ಬೇರೆಯದೇ ಲೈಸೆನ್ಸ್ ಇದೆ. ಮುಖ್ಯ ಕೆಲಸಕ್ಕೆ ಅಂಟಿಕೊಂಡು ಬರುವ ಪೂರಕ ಕೆಲಸವನ್ನು ಬೇರೆ ವರ್ಗದ ಕಂಟ್ರಾಕ್ಟರ್ ಮಾಡಲು ಕಾನೂನು ಬಿಡುತ್ತದೆ. ನಿಮ್ಮ ಪ್ಲಂಬರ್ ಅದನ್ನೇ ನೆಚ್ಚಿರಬಹುದು. ಆದರೆ ಅಲ್ಲಿನ ವ್ಯವಹಾರ ಮತ್ತು ವೃತ್ತಿ ಸಂಹಿತೆಯ 7026.12ನೇ ಕಲಮು ಅಗ್ನಿರಕ್ಷಣಾ ವ್ಯವಸ್ಥೆಯನ್ನು ಸಿ-16 ಉಳ್ಳವರೇ ಅಳವಡಿಸಬೇಕೆಂದು ಬಿಡಿಸಿ ಹೇಳಿದೆ. ಇಡೀ ಮನೆಯ ಗುತ್ತಿಗೆ ಹಿಡಿದ ಬಿ ವರ್ಗದವರೂ ಸ್ವತಃ ಸಿ-16 ಪಡೆದಿರಬೇಕು, ಇಲ್ಲವೇ ಅದಿರುವವರಿಗೆ ಒಳಗುತ್ತಿಗೆ ಕೊಡಬೇಕು. ತಾನೇ ವಾಸಿಸುವ ಒಂಟಿ ಮನೆಗೆ ಮಾಲೀಕ ಸ್ವಂತವಾಗಿ ಹಾಕಿಕೊಳ್ಳಲು ಅವಕಾಶವಿದೆ. ಆಗಲೂ ನಕ್ಷೆಗೆ ಮಂಜೂರಾತಿ ಬೇಕು, ತಪಾಸಣೆಯಲ್ಲಿ ಪಾಸಾಗಬೇಕು. ಅಲಾರಂ ವೈರಿಂಗ್ ಮಾತ್ರ ಸಿ-10 ಎಲೆಕ್ಟ್ರಿಷಿಯನ್ ಪಾಲಿನದು.

ನೀರಿನ ಪೈಪಿಗೆ ಇಷ್ಟೇಕೆ ಕಟ್ಟುಪಾಡು? ಲೆಕ್ಕ ನೋಡಿ. 16 ಅಡಿ ಉದ್ದಗಲದ ಜಾಗ ಕಾಯುವ ಸಾಮಾನ್ಯ ಮನೆಬಳಕೆಯ ಹೆಡ್ಡಿಗೆ (ನೀರು ಚಿಮ್ಮಿಸುವ ತುದಿಗೆ), ಕೆ-ಅಂಶ, ಅಂದರೆ ಅದರಿಂದ ಎಷ್ಟು ನೀರು ಹೊರಬರುತ್ತದೆಂದು ಹೇಳುವ ಅಂಕಿ, 4.9 ಆದರೆ, 7 ಪಿಎಸ್ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ ನಿಮಿಷಕ್ಕೆ 13 ಗ್ಯಾಲನ್ ನೀರು ಬೇಕು. ಎರಡು ಹೆಡ್ ಒಟ್ಟಿಗೆ ತೆರೆದುಕೊಂಡರೆ 26 ಗ್ಯಾಲನ್. 5/8 ಇಂಚಿನ ಮೀಟರಿನ ಗರಿಷ್ಠ ಮಿತಿಯೇ 20. ಅಲ್ಲಿಗೇ ಲೆಕ್ಕ ಕೈಕೊಟ್ಟಿತು. ಮೇಲೇರುವ ಪ್ರತಿ ಅಡಿಗೂ 0.433 ಪಿಎಸ್ಐ ಕಳೆಯುತ್ತದೆ, ಅಂದರೆ ಮೀಟರಿನಿಂದ 20 ಅಡಿ ಮೇಲಿರುವ ಮಹಡಿಯ ಹೆಡ್ಡಿಗೆ ಸುಮಾರು 8.7 ಪಿಎಸ್ಐ ಕಡಿಮೆ. ಇದನ್ನೆಲ್ಲ ಹೊಂದಿಸಿದ ಮೇಲೆ ಯಾರೋ ಗಡಸು ನೀರನ್ನು ಮೆದುಗೊಳಿಸುವ ಸಾಫ್ಟನರ್ ಸೇರಿಸಿದರೆ ಒತ್ತಡ ಮತ್ತೆ ಕುಸಿಯುತ್ತದೆ.

ಕೈಕೆಲಸದ ತಪ್ಪುಗಳು ಇನ್ನೂ ಅಪಾಯಕಾರಿ, ಏಕೆಂದರೆ ಅವು ಸೀಲಿಂಗಿನೊಳಗೆ ಮುಚ್ಚಿಹೋಗುತ್ತವೆ. ನೀರು ಚಿಮ್ಮುವಾಗ ಪೈಪು ಮೇಲಕ್ಕೆ ಒದೆಯುತ್ತದೆ. ಹೆಡ್ಡಿನ ಹತ್ತಿರದ ಹ್ಯಾಂಗರ್ ಭಾರ ಹೊತ್ತರೆ ಸಾಲದು, ಆ ಒದೆತವನ್ನೂ ತಡೆಯಬೇಕು. ತಡೆಯದಿದ್ದರೆ ಹೆಡ್ ಸೀಲಿಂಗಿನೊಳಗೆ ಸರಿದು ಕೋಣೆಗೆ ನೀರು ಹರಡುವುದೇ ಇಲ್ಲ. ಕಿತ್ತಳೆ ಬಣ್ಣದ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಿಗೆ ಉಕ್ಕಿನ ಪೈಪಿನ ಥ್ರೆಡ್ ಕೊರೆಯುವ ಎಣ್ಣೆ ತಗುಲಿದರೂ, ಕೆಲವು ಬಗೆಯ ಮೆತ್ತನೆ ಕೇಬಲ್ ಒರಗಿದರೂ ನಿಧಾನವಾಗಿ ಬಿರುಕು ಬಿಡಬಹುದು. ಅಂಟು ಪೂರ್ತಿ ಬಿಗಿಯುವ ಮುನ್ನ ಒತ್ತಡ ಕೊಟ್ಟರೆ ಜಾಯಿಂಟ್ ಕಳಚುತ್ತದೆ. ಹೆಡ್ಡಿಗೆ ಪೇಂಟ್ ಬಿದ್ದರೆ ಒರೆಸಿ ಬಿಡುವಂತಿಲ್ಲ, ಬದಲಾಯಿಸಲೇಬೇಕು.

ಕಂಟ್ರಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡಿನ ಜಾಲತಾಣದಲ್ಲಿ ನಂಬರ್ ಹಾಕಿ ಪರಿಶೀಲಿಸಿ: ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ವರ್ಗದ ಕಡೆ ಸಿ-16 ಎಂದಿದೆಯೇ, 25,000 ಡಾಲರ್ ಬಾಂಡ್ (ಖಾತರಿ ಪತ್ರ) ಇದೆಯೇ, ಕರಾರಿನಲ್ಲಿರುವುದೂ ಅದೇ ಹೆಸರೇ. ಬೇಕಾದ ಲೈಸೆನ್ಸ್ ಇಲ್ಲದವರು ಬಾಕಿಗಾಗಿ ನಿಮ್ಮ ಮೇಲೆ ದಾವೆ ಹೂಡುವಂತಿಲ್ಲ; ಕೊಟ್ಟ ಹಣವನ್ನೂ ನೀವು ಕೋರ್ಟಿನಲ್ಲಿ ವಾಪಸ್ ಕೇಳಬಹುದು. ಆದರೆ ಡ್ರೈವಾಲ್ (ಗೋಡೆ-ಸೀಲಿಂಗಿನ ಜಿಪ್ಸಮ್ ಹಲಗೆ) ಒಡೆದು ಪೈಪು ಮತ್ತೆ ಹಾಕಿಸುವ ಪಾಡು ನಿಮ್ಮದೇ.

ಪ್ಲಂಬರ್‌ಗೆ ಮನೆಬಳಕೆಯ ನೀರಿನ ಲೈನ್ ಒಪ್ಪಿಸಿ. ಸಿ-16ನವರ ಲೆಕ್ಕ ಕೈಸೇರುವವರೆಗೂ ಮೀಟರಿಗೆ ಅರ್ಜಿ ಹಾಕಬೇಡಿ.