ಮೊದಲ ಏರ್‌ಬ್ರಷ್ ಯಾವುದಿರಲಿ?

ಪ್ರಶ್ನೆ: ಸಣ್ಣ ಮಾದರಿಗಳಿಗೆ ಅಕ್ರಿಲಿಕ್ ಬಣ್ಣ ಹೊಡೆಯಲು ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಕೊಳ್ಳಬೇಕೆಂದಿದ್ದೇನೆ. ಟ್ರಿಗರ್ ಒತ್ತಿದರೆ ಗಾಳಿ, ಬಣ್ಣ ಒಟ್ಟಿಗೇ ಬರುವ ಸಿಂಗಲ್ ಆಕ್ಷನ್ ಸಾಕೇ? 0.2 ಮಿ.ಮೀ. ನಾಜಲ್ (ಬಣ್ಣ ಹೊರಬರುವ ತುದಿಯ ರಂಧ್ರ) ಇದ್ದರೆ ಗೆರೆ ಸಣ್ಣಗೆ ಬರುತ್ತದೆಯೇ?

ಉತ್ತರ: ಡ್ಯುಯಲ್ ಆಕ್ಷನ್ನೇ ತೆಗೆದುಕೊಳ್ಳಿ. ಟ್ರಿಗರ್ ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ. ಎರಡೂ ಒಂದೇ ಬೆರಳಿನ ಹಿಡಿತದಲ್ಲಿರುತ್ತವೆ. ಸಿಂಗಲ್ ಆಕ್ಷನ್‌ನಲ್ಲಿ ಬಣ್ಣ ಹೆಚ್ಚುಕಡಿಮೆ ಮಾಡಲು ಪ್ರತಿಸಲ ಕೈ ನಿಲ್ಲಿಸಿ ತಿರುಪು ತಿರುಗಿಸಬೇಕು. ಬಣ್ಣದ ಬಟ್ಟಲು ಮೇಲಿರುವ ಗ್ರಾವಿಟಿ ಫೀಡ್ ಇರಲಿ, ಕಡಿಮೆ ಒತ್ತಡದಲ್ಲೂ ಬಣ್ಣ ಇಳಿಯುತ್ತದೆ.

0.2 ಈಗಲೇ ಬೇಡ. ನಾಜಲ್ ಒಳಗೆ ಬಣ್ಣದ ಹರಿವನ್ನು ಹಿಡಿತದಲ್ಲಿಡುವ ಸೂಜಿಯ ತುದಿಯಲ್ಲೇ ಅಕ್ರಿಲಿಕ್ ಒಣಗುತ್ತದೆ; ರಂಧ್ರ ಕಿರಿದಾದಷ್ಟೂ ಬೇಗ ಕಟ್ಟಿಕೊಳ್ಳುತ್ತದೆ. 0.3 ಅಥವಾ 0.35 ಧಾರಾಳವಾಯಿತು. ಗೆರೆ ಸಣ್ಣಗಾಗಲು ನಾಜಲ್‌ಗಿಂತ ಮುಖ್ಯವಾದದ್ದು ಬಣ್ಣದ ಹದ, ಒತ್ತಡ ಮತ್ತು ದೂರ. ಬಣ್ಣ ಹಾಲಿನಷ್ಟು ತೆಳುವಿರಲಿ, ಒತ್ತಡ 15–20 ಪಿಎಸ್‌ಐ. ಬಣ್ಣ ಕವಲೊಡೆದು ಹರಿದರೆ ಒತ್ತಡ ಜಾಸ್ತಿ ಅಥವಾ ಬಣ್ಣ ತೀರಾ ನೀರಾಗಿದೆ. ಪುಡಿಪುಡಿಯಾಗಿ ಕೂತರೆ ತೀರಾ ದೂರದಿಂದ ಹೊಡೆಯುತ್ತಿದ್ದೀರಿ. ಬಟ್ಟಲಲ್ಲಿ ಗುಳ್ಳೆ ಎದ್ದರೆ ನಾಜಲ್ ಸಡಿಲವಾಗಿದೆಯೇ, ಸೀಳಿದೆಯೇ ನೋಡಿ.

ಗಾಳಿ ಒದಗಿಸುವ ಕಂಪ್ರೆಸರ್‌ನಲ್ಲಿ ಟ್ಯಾಂಕ್, ಒತ್ತಡ ಹೊಂದಿಸುವ ರೆಗ್ಯುಲೇಟರ್, ನೀರು ತಡೆಯುವ ಟ್ರ್ಯಾಪ್ ಮೂರೂ ಇರಬೇಕು. ಟ್ಯಾಂಕ್ ಇಲ್ಲದಿದ್ದರೆ ಗಾಳಿ ಒಂದೇ ಸಮ ಬರುವುದಿಲ್ಲ. ಬಿಡಿ ಸೂಜಿ, ನಾಜಲ್ ಸುಲಭವಾಗಿ ಸಿಗದ ಏರ್‌ಬ್ರಷ್ ಅಂತೂ ಕೊಳ್ಳಲೇಬೇಡಿ. ತುದಿ ಬಾಗಿದ ಸೂಜಿಯಿಂದ ಬಣ್ಣ ಓರೆಯಾಗಿಯೇ ಬೀಳುತ್ತದೆ.