ಬಂಗಡೆ ಕೇಳುವ ಪ್ರಾರ್ಥನೆ

ಪ್ರಶ್ನೆ: ನಮ್ಮ ಮನೆಯಲ್ಲಿ ದಿನಾ ಸಂಜೆ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಹೇಳುತ್ತೇವೆ. ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಕಡಲಿಗಿಳಿದಾಗಿನಿಂದ ಏಳು ವರ್ಷದ ಮಗಳು ಕೊನೆಯಲ್ಲಿ ‘ಅಪ್ಪನ ಬಲೆಗೆ ತುಂಬ ಬಂಗಡೆ ಬೀಳಲಿ, ನನಗೊಂದು ಸೈಕಲ್ ಬರಲಿ’ ಎನ್ನುತ್ತಾಳೆ. ದೊಡ್ಡವರು ನಗುತ್ತಾರೆ. ಮೊನ್ನೆ ಬೋಟು ಬರಿದಾಗಿ ಬಂತು. ‘ದೇವರಿಗೆ ಕೇಳಿಸಲಿಲ್ಲವಾ?’ ಎಂದಳು. ಏನು ಹೇಳಲಿ?
– ತಾಯಿಯೊಬ್ಬರು, ಅಂಕೋಲಾ

ಉತ್ತರ: ಮೊದಲು ನಗುವವರನ್ನು ಸುಮ್ಮನಾಗಿಸಿ. ಎರಡು ಸಲ ನಕ್ಕರೆ ಸಾಕು, ಮೂರನೆಯ ಸಲ ಮಗು ನಿಮಗೆ ಇಷ್ಟವಾಗುವಂಥ ಪ್ರಾರ್ಥನೆ ಹೇಳಲು ಕಲಿಯುತ್ತದೆ. ಕಪಟ ಶುರುವಾಗುವುದು ಅಲ್ಲೇ.

ಬಂಗಡೆ ಕೇಳುವುದರಲ್ಲಿ ತಪ್ಪಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲೇ ಅನುದಿನದ ಆಹಾರದ ಬೇಡಿಕೆ ಇದೆ, ಅದೂ ಪಾಪಕ್ಷಮೆಯ ಬೇಡಿಕೆಗಿಂತ ಮುಂಚೆ. ಮೀನುಗಾರನ ಮನೆಯಲ್ಲಿ ಆಹಾರವೆಂದರೆ ಬಲೆಗೆ ಬಿದ್ದದ್ದೇ ತಾನೆ? ಸೈಕಲ್ಲನ್ನೂ ಕೇಳಲಿ ಬಿಡಿ.

ಬೋಟು ಬರಿದಾಗಿ ಬಂದ ದಿನ ‘ನಿನಗೆ ವಿಶ್ವಾಸ ಸಾಲಲಿಲ್ಲ’ ಎಂದು ಮಾತ್ರ ಹೇಳಬೇಡಿ. ಅಪ್ಪನ ನಷ್ಟ ಮಗುವಿನ ತಲೆಗೆ ಬರುತ್ತದೆ. ‘ನಾಳೆ ಖಂಡಿತ ಸಿಗುತ್ತದೆ’ ಎಂದೂ ಬೇಡ. ಯೇಸು ಶಿಲುಬೆಗೇರುವ ಹಿಂದಿನ ರಾತ್ರಿಯ ಗೆತ್ಸೆಮನೆ ತೋಟದ ಪ್ರಸಂಗ ಹೇಳಿ (ಮಾರ್ಕ 14:36). ಅಲ್ಲಿ ಯೇಸು ‘ಅಬ್ಬಾ’ ಎಂದು ಕರೆದರು. ಅರಮಾಯಿಕ್ ಭಾಷೆಯಲ್ಲಿ ಅಪ್ಪನನ್ನು ಕರೆಯುವ ಮಾತು ಅದು. ಈ ಪಾತ್ರೆ, ಅಂದರೆ ಮುಂದಿರುವ ಯಾತನೆ, ನನ್ನಿಂದ ತೊಲಗಲಿ ಎಂದು ನೇರವಾಗಿ ಕೇಳಿದರು. ಆಮೇಲೆ, ನನ್ನ ಇಷ್ಟದಂತಲ್ಲ, ನಿನ್ನ ಇಷ್ಟದಂತೆ ಆಗಲಿ ಎಂದರು. ಪಾತ್ರೆ ತೊಲಗಲಿಲ್ಲ. ‘ಯೇಸು ಕೇಳಿದ್ದೂ ಸಿಗಲಿಲ್ಲ. ಆದರೂ ಅಪ್ಪಾ ಎಂದು ಕರೆಯುವುದನ್ನು ಬಿಡಲಿಲ್ಲ’ ಎಂದರೆ ಏಳು ವರ್ಷದವಳಿಗೆ ಅರ್ಥವಾಗುತ್ತದೆ. ಮೀನು ಯಾಕೆ ಬೀಳಲಿಲ್ಲ ಎಂದು ಕೇಳಿದರೆ ‘ನನಗೂ ಗೊತ್ತಿಲ್ಲ ಮಗಾ’ ಎನ್ನಿ.

ಪೂರ್ತಿ ತೇರ್ಸ್‌ನಲ್ಲಿ ಮಣಿಗೊಂದರಂತೆ ಮರಿಯಮ್ಮನಿಗೆ ಹೇಳುವ ‘ನಮೋ ಮರಿಯಾ’ ಜಪ ಐವತ್ತಮೂರು ಸಲ ಬರುತ್ತದೆ, ಇಪ್ಪತ್ತು ನಿಮಿಷದ ಕೆಲಸ. ಈ ವಯಸ್ಸಿಗೆ ಅದು ಹೆಚ್ಚಾಯಿತು, ಹಾಗಾಗಿಯೇ ಮಕ್ಕಳು ತೂಕಡಿಸುವುದು. ಒಂದು ಹತ್ತು ಮಣಿ ಅವಳೇ ಮುಂದೆ ನಿಂತು ಹೇಳಲಿ, ಉಳಿದದ್ದಕ್ಕೆ ಕೂತಿದ್ದರೆ ಸಾಕು. ಅವಳ ಸ್ವಂತ ಮಾತನ್ನು ಕೊನೆಗಿಡದೆ ಮೊದಲಿಗೆ ತನ್ನಿ, ಆಗ ಇನ್ನೂ ನಿದ್ದೆ ಬಂದಿರುವುದಿಲ್ಲ.

ಇನ್ನೊಂದು, ಇದು ದೊಡ್ಡವರ ಖಾಯಿಲೆ: ‘ದೇವರೇ, ಇವಳಿಗೆ ಓದುವ ಬುದ್ಧಿ ಕೊಡು’ ಎಂದು ಮಗುವಿಗೆ ಕೇಳುವಂತೆ ಪ್ರಾರ್ಥಿಸುವುದು. ಅದು ಪ್ರಾರ್ಥನೆಯ ನೆಪದಲ್ಲಿ ಬೈಗುಳ. ಮಗುವಿಗೆ ಅದು ತಕ್ಷಣ ತಿಳಿಯುತ್ತದೆ.

ಪ್ರಶ್ನೆ: ‘ಮಕ್ಕಳಂತಾಗಿರಿ’ ಎಂದು ಯೇಸು ಹೇಳಿದ್ದು ಎಂದರೆ ಪ್ರಶ್ನೆ ಕೇಳದೆ ನಂಬುವುದೇ? ನನಗೆ ಪ್ರಾರ್ಥನೆಯ ಮಾತೇ ಹೊರಡುವುದಿಲ್ಲ.
– ಓದುಗರೊಬ್ಬರು, ಶಿರಸಿ

ಉತ್ತರ: ಅಲ್ಲ. ಮತ್ತಾಯ 18ರಲ್ಲಿ ಶಿಷ್ಯರು ಕೇಳಿದ್ದು ‘ಯಾರು ದೊಡ್ಡವರು’ ಎಂದು. ಯೇಸು ನಡುವೆ ನಿಲ್ಲಿಸಿದ್ದು ಆ ಸಮಾಜದಲ್ಲಿ ಯಾವ ಸ್ಥಾನಮಾನವೂ ಇಲ್ಲದ ಮಗುವನ್ನು. ಅಲ್ಲಿನ ಮಾತು ತಗ್ಗಿ ನಡೆಯುವುದರ ಬಗ್ಗೆ. ಬುದ್ಧಿಯಲ್ಲಿ ಮಕ್ಕಳಾಗಬೇಡಿ ಎಂದು ಪೌಲನೇ ಬರೆದಿದ್ದಾನೆ (1 ಕೊರಿಂಥ 14:20).

ಮಾತು ಹೊರಡದಿದ್ದರೆ ಹುಡುಕಬೇಡಿ. ಫ್ರಾನ್ಸಿನ ಸನ್ಯಾಸಿನಿ, ಲಿಸಿಯೆಯ ಸಂತ ತೆರೇಸಾ (1873–1897) ಮನಸ್ಸು ಒಣಗಿದಾಗ ‘ಪರಲೋಕದ ತಂದೆಯೇ’ ಜಪವನ್ನು ಒಂದೇ ಒಂದು ಸಲ, ಬಹಳ ನಿಧಾನವಾಗಿ ಹೇಳುತ್ತಿದ್ದರು. ಅದೂ ಆಗದಿದ್ದರೆ ಲೂಕ 18ರಲ್ಲಿ ಯೇಸು ಹೇಳುವ ಕಥೆಯ ಸುಂಕದವನ (ತೆರಿಗೆ ವಸೂಲಿಗಾರನ) ನಾಲ್ಕು ಪದ ಇವೆ: ‘ದೇವರೇ, ಪಾಪಿಯಾದ ನನ್ನನ್ನು ಕರುಣಿಸು.’ ಅವನು ಅಷ್ಟು ಹೇಳಿ ಮನೆಗೆ ಹೋದ.